ಟೈಮಿಲ್ಲ ಎನ್ನುವ ಮುಂಚೆ ಮನೆಯವರೆಲ್ಲ ಕೂತು ಲೆಕ್ಕ ಹಾಕಿ

ಮತ್ತಿಗಿರಿ: ಹೊಸೂರು ಸುತ್ತಮುತ್ತ ಯಾರನ್ನು ಮಾತಾಡಿಸಿದರೂ ಬರುವ ಮಾತು ಒಂದೇ, ‘ಟೈಮೇ ಇಲ್ಲ’. ತಮಾಷೆ ಏನೆಂದರೆ ಊರೂರಿಗೆ ಟೈಮ್ ತೋರಿಸುವ ಟೈಟಾನ್ ವಾಚುಗಳು ತಯಾರಾಗುವುದು ಇದೇ ಹೊಸೂರಿನಲ್ಲಿ! 1980ರ ದಶಕದಲ್ಲಿ ಇಲ್ಲಿ ಶುರುವಾದ ಕಾರ್ಖಾನೆ ಅದು. ವಾಚು ಎಲ್ಲರ ಕೈಯಲ್ಲೂ ಇದೆ, ಹೊತ್ತು ಮಾತ್ರ ಯಾರ ಕೈಗೂ ಸಿಗುತ್ತಿಲ್ಲ.

ದಿನಕ್ಕೆ 24 ಗಂಟೆ ಎಲ್ಲರಿಗೂ ಒಂದೇ. ಅದನ್ನು ಯಾವುದಕ್ಕೆ ಕೊಡಬೇಕು ಎಂದು ತೀರ್ಮಾನ ಮಾಡುವುದು ಹೇಗೆ? ದೊಡ್ಡ ಪುಸ್ತಕ ಬೇಕಿಲ್ಲ. ಮನೆಯ ಹಿಂದಿನ ಕೊಟ್ಟಿಗೆಯೇ ಒಂದು ಪಾಠ ಹೇಳುತ್ತದೆ.

ಹಸು ಕಾಯುವುದಿಲ್ಲ

ಮತ್ತಿಗಿರಿ ಎಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಸರ್ಕಾರಿ ದನದ ಫಾರಂ. 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಸೈನ್ಯದ ಕುದುರೆಗಳಿಗಾಗಿ ಆರಂಭವಾದ ಜಾಗ ಅದು. ಫಾರಂನಲ್ಲಾಗಲಿ, ಮನೆಯಲ್ಲಾಗಲಿ ದನ ಸಾಕಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಬೆಳಿಗ್ಗೆ, ಸಂಜೆ ಹಾಲು ಕರೆಯುವ ಹೊತ್ತು ತಪ್ಪುವಂತಿಲ್ಲ. ಮನೆಯಲ್ಲಿ ಮದುವೆ ಇರಲಿ, ಜ್ವರ ಇರಲಿ, ಹಾಲು ಕರೆದು ಡೈರಿಗೆ ಹಾಕಿಯೇ ಹಾಕುತ್ತಾರೆ. ‘ಇವತ್ತು ಟೈಮಿಲ್ಲ’ ಎಂದು ಹಸುವಿಗೆ ಹೇಳಿದವರು ಯಾರೂ ಇಲ್ಲ.

ಅಂದರೆ ಟೈಮ್ ತಾನಾಗಿ ಸಿಗುವುದಲ್ಲ, ಮಾಡಿಕೊಳ್ಳುವುದು. ಆದರೆ ಇಲ್ಲೇ ಒಂದು ತೊಡಕಿದೆ. ಹಸುವಿಗೆ ಹಸಿವಾದರೆ ಅಂಬಾ ಎಂದು ಕೂಗುತ್ತದೆ. ಶಿಫ್ಟಿಗೆ ತಡವಾದರೆ ಸಂಬಳ ಕಡಿತವಾಗುತ್ತದೆ. ಫೋನ್ ರಿಂಗಾಗುತ್ತದೆ. ಇವೆಲ್ಲ ಕೂಗಿ ಕರೆದು ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಮಗುವಿಗೆ ಓದಲು ಬರುತ್ತಿಲ್ಲ, ಅಜ್ಜಿ ಒಬ್ಬರೇ ಕೂತಿದ್ದಾರೆ, ಸಕ್ಕರೆ ಕಾಯಿಲೆ ಇರುವವರು ಪರೀಕ್ಷೆ ಮಾಡಿಸಿ ವರ್ಷವಾಯಿತು. ಇವು ಯಾವುವೂ ಕೂಗುವುದಿಲ್ಲ. ನಾಳೆ ನೋಡೋಣ ಎಂದು ಮುಂದೆ ಹಾಕುತ್ತಾ ಹೋದರೆ ಒಂದು ದಿನ ಹೊತ್ತು ಮೀರಿರುತ್ತದೆ. ಕೂಗದ ಕೆಲಸಕ್ಕೂ ಹೊತ್ತು ಗೊತ್ತು ಮಾಡುವುದೇ ಜಾಣತನ.

ಮೊದಲು ಲೆಕ್ಕ

ಸಿಪ್ಕಾಟ್‌ನಲ್ಲಿ ಕೆಲಸ ಮಾಡುವ ಒಬ್ಬರ ದಿನವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಶಿಫ್ಟಿಗೆ 8 ಗಂಟೆ, ಹೋಗಿ ಬರಲು 2 ಗಂಟೆ, ನಿದ್ದೆಗೆ 7, ಸ್ನಾನ ಊಟಕ್ಕೆ 2. ಒಟ್ಟು 19. ಉಳಿದದ್ದು 5 ಗಂಟೆ. ಅತ್ತಿಬೆಲೆ ದಾಟಿ ಬೆಂಗಳೂರಿಗೆ ಹೋಗಿ ಬರುವವರಿಗೆ ಇನ್ನೂ ಕಡಿಮೆ. ಆ 5 ಗಂಟೆ ಎಲ್ಲಿ ಹೋಯಿತು ಎಂದು ಕೇಳಿದರೆ ಥಟ್ಟನೆ ಉತ್ತರ ಬರುವುದಿಲ್ಲ. ಸ್ವಲ್ಪ ಟಿವಿ, ಸ್ವಲ್ಪ ಮೊಬೈಲ್, ಸ್ವಲ್ಪ ಟೀ ಅಂಗಡಿ.

ಒಂದು ವಾರ ಬರೆದಿಡಿ. ಕ್ಯಾಲೆಂಡರಿನ ಹಿಂದಿನ ಖಾಲಿ ಹಾಳೆ ಸಾಕು. ಬರೆಯುವಾಗ ಒಂದು ಎಚ್ಚರ ಇರಲಿ. ರಾತ್ರಿ ಪಾಳಿ ಮುಗಿಸಿ ಬಂದವರ ಹಗಲು ನಿದ್ದೆ ಸೋಮಾರಿತನವಲ್ಲ, ಅದಕ್ಕೆ ಕೈ ಹಾಕಬೇಡಿ. ನೆಂಟರ ಮನೆಯ ಮದುವೆ, ಊರ ಜಾತ್ರೆ ಕೂಡ ವ್ಯರ್ಥವಲ್ಲ. ಕಷ್ಟಕ್ಕೆ ಆಗಿ ಬರುವವರು ಅವರೇ ತಾನೆ?

ಯಾರ ಗಂಟೆ ಯಾರಿಗೆ?

ಲೆಕ್ಕ ಬರೆಯುವಾಗ ಗಂಡಸರ ದಿನ ಮಾತ್ರ ಬರೆದರೆ ಸಾಲದು. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ಜನ ಹೊತ್ತು ಹೇಗೆ ಕಳೆಯುತ್ತಾರೆ ಎಂಬ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೇ ಕೊಡುತ್ತಿದ್ದರು. ಅಂದರೆ ಹತ್ತಿರ ಹತ್ತಿರ 5 ಗಂಟೆ! ಮನೆಗೆಲಸಕ್ಕೆ ಕೈ ಹಾಕಿದ ಗಂಡಸರು ಕೊಟ್ಟಿದ್ದು 97 ನಿಮಿಷ. 2024ರಲ್ಲಿ ಮತ್ತೆ ನಡೆಸಿದಾಗ ಹೆಂಗಸರ ಲೆಕ್ಕ 289 ನಿಮಿಷಕ್ಕೆ ಇಳಿದಿತ್ತು. ಐದು ವರ್ಷಕ್ಕೆ ಉಳಿದದ್ದು ಹತ್ತೇ ನಿಮಿಷ.

ಒಬ್ಬರ ಬಿಡುವು ಇನ್ನೊಬ್ಬರ ದುಡಿಮೆಯಿಂದ ಬಂದಿರುತ್ತದೆ ಎಂಬುದು ಈ ಲೆಕ್ಕದಲ್ಲಿ ಕಾಣುತ್ತದೆ. ಆದ್ದರಿಂದ ತೀರ್ಮಾನ ಒಬ್ಬರದಲ್ಲ, ಇಡೀ ಮನೆಯದು. ಸಂಜೆ ಹುಲ್ಲು ಹಾಕುವುದು, ಡೈರಿಗೆ ಹೋಗುವುದು, ಪಾತ್ರೆ ತೊಳೆಯುವುದು, ಇದರಲ್ಲಿ ಒಂದನ್ನು ಗಂಡಸರು, ದೊಡ್ಡ ಮಕ್ಕಳು ವಹಿಸಿಕೊಂಡರೆ ಮನೆಯಾಕೆಗೆ ಅರ್ಧ ಗಂಟೆ ಸಿಗುತ್ತದೆ. ಆ ಅರ್ಧ ಗಂಟೆ ಏನು ಮಾಡಬೇಕೆಂದು ಆಕೆಯನ್ನೇ ಕೇಳಬೇಕು. ಸುಮ್ಮನೆ ಕೂರುತ್ತೇನೆ ಎಂದರೆ ಅದೂ ಸರಿಯೇ.

ಕೂಗದ ಕೆಲಸ: ಕನ್ನಡ ಓದು

ಗಡಿ ಭಾಗದ ಮನೆಗಳಲ್ಲಿ ಕೂಗದ ಕೆಲಸ ಇನ್ನೊಂದಿದೆ. 2006ರ ತಮಿಳು ಕಲಿಕಾ ಕಾಯ್ದೆಯ ಪ್ರಕಾರ ಆ ವರ್ಷ ಒಂದನೇ ತರಗತಿಯಿಂದ ಶುರು ಮಾಡಿ, ವರ್ಷಕ್ಕೊಂದು ತರಗತಿಯಂತೆ ತಮಿಳು ಕಲಿಕೆ ಕಡ್ಡಾಯವಾಗುತ್ತಾ ಬಂತು. ಇಲ್ಲಿ ಬಾಳಬೇಕಾದ ಮಕ್ಕಳಿಗೆ ತಮಿಳು ಬೇಕೇ ಬೇಕು, ಇಂಗ್ಲಿಷೂ ಬೇಕು. ಇವೆರಡಕ್ಕೂ ಶಾಲೆ ಇದೆ, ಪರೀಕ್ಷೆ ಇದೆ. ಮನೆಯಲ್ಲಿ ಕನ್ನಡ ಮಾತಾಡುತ್ತಾ ಬೇರೆ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಲು ಇರುವುದು ಮನೆ ಒಂದೇ. ಮಾತು ನಾಲಿಗೆ ಮೇಲೆ ಉಳಿಯುತ್ತದೆ, ಓದು ಬರಹ ಒಂದೇ ತಲೆಮಾರಿನಲ್ಲಿ ಹೋಗಿಬಿಡಬಹುದು.

ದಿನಕ್ಕೆ ಅರ್ಧ ಗಂಟೆ ಕೊಟ್ಟರೆ ವರ್ಷಕ್ಕೆ ಎಷ್ಟಾಯಿತು? 182 ಗಂಟೆಗೂ ಹೆಚ್ಚು. ಶಿಫ್ಟಿನ ಲೆಕ್ಕದಲ್ಲಿ 22 ದಿನದ ದುಡಿಮೆಗಿಂತ ಜಾಸ್ತಿ. ಹನಿ ಹನಿ ಗೂಡಿದರೆ ಹಳ್ಳ ಎನ್ನುವುದು ಇದಕ್ಕೇ. ಕಾಗುಣಿತ ಕಲಿಸಿ, ಬಸ್ಸಿನ ಬೋರ್ಡು ಓದಿಸಿ, ಅಜ್ಜಿಗೆ ಪೇಪರ್ ಓದಿ ಹೇಳಲು ಬಿಡಿ. ಅಜ್ಜಿಗೂ ಜೊತೆಯಾಯಿತು, ಮಗುವಿಗೂ ಪಾಠವಾಯಿತು.

ಶಿಫ್ಟ್ ಬದಲಾದರೆ?

ವಾರ ವಾರ ಪಾಳಿ ಬದಲಾಗುವ ಮನೆಯಲ್ಲಿ ‘ಸಂಜೆ 7ಕ್ಕೆ’ ಎಂದು ಗೊತ್ತು ಮಾಡಿದರೆ ಎರಡನೇ ವಾರಕ್ಕೇ ತಪ್ಪುತ್ತದೆ. ಗಡಿಯಾರಕ್ಕೆ ಕಟ್ಟಬೇಡಿ, ತಪ್ಪದ ಕೆಲಸಕ್ಕೆ ಕಟ್ಟಿ. ‘ಡೈರಿಗೆ ಹಾಲು ಹಾಕಿ ಬಂದ ಮೇಲೆ ಪುಸ್ತಕ’ ಎಂದು ಮಾಡಿಕೊಂಡರೆ ಮನೆಯಲ್ಲಿ ಇದ್ದವರು ಯಾರಾದರೂ ಕೂರಿಸಬಹುದು. ಆ ಅರ್ಧ ಗಂಟೆ ಮೊಬೈಲ್ ಬೀರುವಿನಲ್ಲಿರಲಿ. ಒಂದು ದಿನ ತಪ್ಪಿದರೆ ಕೈ ಬಿಡಬೇಡಿ, ಮರುದಿನ ಕೂರಿಸಿ.

ಕಾಲ ಚಿನ್ನದಂತೆ ಎಂದು ತಮಿಳಿನಲ್ಲೂ ಹೇಳುತ್ತಾರೆ. ಚಿನ್ನವನ್ನಾದರೆ ಅಡವಿಟ್ಟು ಬಿಡಿಸಿಕೊಳ್ಳಬಹುದು. ಕಳೆದ ಹೊತ್ತಿಗೆ ಆ ಅನುಕೂಲವಿಲ್ಲ. ಬರುವ ಭಾನುವಾರ ಹಾಲು ಕರೆದಾದ ಮೇಲೆ ಮನೆಯವರೆಲ್ಲ ಒಟ್ಟಿಗೆ ಕೂತು ಆ ಹಾಳೆ ತುಂಬಿಸಿ ನೋಡಿ.