ಜಿಡ್ಡಿನ ಜೀರ್ಣಕ್ರಿಯೆ ಮತ್ತು ಪಿತ್ತರಸ



ದೀಪಾವಳಿಯ ಎಣ್ಣೆಸ್ನಾನವನ್ನು ನೆನೆಯಿರಿ. ಮೈಗೆ ಹಚ್ಚಿದ ಎಣ್ಣೆ ಬರಿಯ ನೀರಿಗೆ ಜಗ್ಗುವುದಿಲ್ಲ, ಸೀಗೆಪುಡಿ ಹಾಕಿ ಉಜ್ಜಿದರೆ ಬಿಡುತ್ತದೆ. ಸೀಗೆಯಲ್ಲಿರುವ ಸಪೋನಿನ್ನಿನ ಒಂದು ತುದಿಗೆ ನೀರಿನ ನಂಟು, ಇನ್ನೊಂದಕ್ಕೆ ಎಣ್ಣೆಯ ನಂಟು. ಇಂತಹ ವಸ್ತುಗಳಿಗೆ ಎಮಲ್ಸೀಕಾರಕಗಳೆಂದು ಹೆಸರು. ಕರುಳಿನಲ್ಲಿ ಈ ಕೆಲಸವನ್ನು ಪಿತ್ತರಸದ ಲವಣಗಳೂ ಲೆಸಿತಿನ್ನೂ ಕೂಡಿ ಮಾಡುತ್ತವೆ.

ಜಿಡ್ಡನ್ನು ಒಡೆಯುವ ಮುಖ್ಯ ಕಿಣ್ವ ಮೇದೋಜೀರಕ ಗ್ರಂಥಿಯ ಲೈಪೇಸ್. ಅದು ಎಣ್ಣೆಯ ಹನಿಯೊಳಗೆ ಇಳಿಯಲಾರದು, ಹನಿಯ ಮೇಲ್ಮೈಯಲ್ಲಿಯೇ ದುಡಿಯಬೇಕು. ಒಂದು ಮಿಲಿಮೀಟರ್ ಅಗಲದ ಹನಿಯನ್ನು ಅದರ ಸಾವಿರದ ಒಂದು ಪಾಲು ಅಗಲದ ಹನಿಗಳಾಗಿ ಒಡೆದರೆ ಒಟ್ಟು ಮೇಲ್ಮೈ 1000 ಪಟ್ಟು ಹಿಗ್ಗುತ್ತದೆ.

ಆದರೆ ಇಲ್ಲೊಂದು ತೊಡಕು. ಪಿತ್ತಲವಣಗಳು ಹನಿಯನ್ನು ಎಷ್ಟು ಒತ್ತಾಗಿ ಮುತ್ತುತ್ತವೆಯೆಂದರೆ ಲೈಪೇಸಿಗೇ ಜಾಗವಿಲ್ಲದಂತಾಗುತ್ತದೆ! ಆಗ ಕೋಲೈಪೇಸ್ ಎಂಬ ಚಿಕ್ಕ ಪ್ರೋಟೀನು ಲೈಪೇಸನ್ನು ಹನಿಗೆ ಕಟ್ಟಿ ನಿಲ್ಲಿಸುತ್ತದೆ. ಒಡೆದು ಬಂದ ಕೊಬ್ಬಿನಾಮ್ಲಗಳು ಅಲ್ಲೇ ಗುಡ್ಡೆಬಿದ್ದರೆ ಮತ್ತೆ ಅಡ್ಡಿ. ಅವನ್ನು ಸೂಕ್ಷ್ಮ ಮೈಸೆಲುಗಳಲ್ಲಿ ಹೊತ್ತು ಕರುಳಿನ ಗೋಡೆಗೆ ಮುಟ್ಟಿಸುವುವೂ ಪಿತ್ತಲವಣಗಳೇ.

ಮೊಲದ ಕರುಳಿಗೆ ಪಿತ್ತನಾಳ ಮೇಲೆಯೂ ಮೇದೋಜೀರಕನಾಳ ಬಹಳ ಕೆಳಗೂ ಸೇರುತ್ತವೆ. ಜಿಡ್ಡುಂಡ ಮೊಲದಲ್ಲಿ ಎರಡನೆಯ ನಾಳ ಸೇರಿದ ನಂತರವೇ ರಸನಾಳಗಳು ಹಾಲಿನಂತೆ ಬೆಳ್ಳಗಾಗಿದ್ದುದನ್ನು ಫ್ರಾನ್ಸಿನ ಕ್ಲೋಡ್ ಬರ್ನಾರ್ 1840ರ ದಶಕದಲ್ಲಿ ಕಂಡರು. ಪಿತ್ತವೊಂದರಿಂದಲೇ ಕೆಲಸವಾಗದು.

ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರು "ಡಾಕ್ಟರೇ, ಇನ್ನು ತುಪ್ಪ ಮುಟ್ಟಬಾರದೇ?" ಎಂದು ಕೇಳುವುದುಂಟು. ಪಿತ್ತಕೋಶ ಬರಿಯ ಕಣಜ. ಹೆಸರೇ ಹೇಳುವಂತೆ ಪಿತ್ತ ಹುಟ್ಟುವುದು ಪಿತ್ತಜನಕಾಂಗದಲ್ಲಿ. ಕಣಜ ಹೋದರೆ ಅದು ನೇರವಾಗಿ ಕರುಳಿಗೆ ತೊಟ್ಟಿಕ್ಕುತ್ತಿರುತ್ತದೆ. ಒಮ್ಮೆಗೇ ಹಬ್ಬದೂಟ ಬೇಡ. ಸ್ವಲ್ಪ ಸ್ವಲ್ಪ ತುಪ್ಪ ಬಹುಪಾಲು ಜನರಿಗೆ ಒಗ್ಗುತ್ತದೆ. ಜಿಡ್ಡನ್ನು ಪೂರ್ತಿ ತೊರೆದರೆ ಎ, ಡಿ, ಇ, ಕೆ ಜೀವಸತ್ವಗಳ ಹೀರಿಕೆಗೇ ಸಂಚಕಾರ. ಆದರೆ ಕಣ್ಣು ಹಳದಿಯಾಗಿ ಮಲ ಬೂದಿಬಣ್ಣಕ್ಕೆ ತಿರುಗಿದರೆ ಪಿತ್ತನಾಳ ಕಟ್ಟಿಕೊಂಡಿರಬಹುದು. ಮನೆಮದ್ದಿನಲ್ಲಿ ಕಾಲ ಕಳೆಯದೆ ಅಂದೇ ವೈದ್ಯರನ್ನು ಕಾಣಿರಿ.

ಇನ್ನು ಅಂಗಡಿಯ ಬ್ರೆಡ್ಡು, ಐಸ್‌ಕ್ರೀಮುಗಳ ವಿಚಾರ. ಅವುಗಳಲ್ಲಿರುವ ಮಾನೋ ಮತ್ತು ಡೈಗ್ಲಿಸರೈಡುಗಳು ಜೀರ್ಣಕ್ರಿಯೆಯಲ್ಲಿ ನಮ್ಮೊಳಗೇ ಹುಟ್ಟುವಂಥವು. ಪಾಲಿಸಾರ್ಬೇಟ್ 80 ಹಾಗಲ್ಲ. 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅದನ್ನು ಕೊಟ್ಟ ಇಲಿಗಳ ಕರುಳಿನಲ್ಲಿ ಸೌಮ್ಯ ಉರಿಯೂತ ಕಂಡಿತು. ಇಲಿಗಾದುದು ಮನುಷ್ಯನಿಗೂ ಆದೀತೆಂದು ತೀರ್ಮಾನಿಸುವುದು ಅವಸರವೇ ಸರಿ. ಸಸ್ಯಾಹಾರಿಗಳು ಮಾತ್ರ ಇನ್ನೊಂದನ್ನು ಗಮನಿಸಬೇಕು: ಈ ಗ್ಲಿಸರೈಡುಗಳನ್ನು ಸಸ್ಯದೆಣ್ಣೆಯಿಂದಲೂ ಪ್ರಾಣಿಯ ಕೊಬ್ಬಿನಿಂದಲೂ ತಯಾರಿಸುತ್ತಾರೆ. ಪೊಟ್ಟಣದ ಮೇಲೆ ಮೂಲವನ್ನು ನಮೂದಿಸಿರದಿದ್ದರೆ ತಯಾರಕರಿಗೇ ಬರೆದು ಕೇಳಬಹುದು.