ಹೊಗೆಗೆ ಜಗ್ಗದ ಸೊಳ್ಳೆ

‘ಹೊಗೆ ಹೊಡೆದು ಹೋದರೂ ಡೆಂಗಿ ಕಮ್ಮಿಯಾಗುವುದಿಲ್ಲವಲ್ಲ, ಏಕೆ?’ ಬಾಪೂಜಿ ನಗರದ ಓದುಗರೊಬ್ಬರ ಪ್ರಶ್ನೆ. ಫಾಗಿಂಗ್ ಯಂತ್ರ ಭರ್ಜರಿ ಸದ್ದು ಮಾಡುತ್ತದೆ, ಕೆಲಸ ನಡೆಯುತ್ತಿದೆ ಎಂಬ ಸಮಾಧಾನ ಕೊಡುತ್ತದೆ. ಆದರೆ ಸಾಯುವುದು ಆ ಹೊತ್ತಿಗೆ ಹಾರಾಡುತ್ತಿದ್ದ ಸೊಳ್ಳೆ ಮಾತ್ರ. ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಮಂಚದಡಿಯಲ್ಲೋ ನೇತುಹಾಕಿದ ಬಟ್ಟೆಯ ಮರೆಯಲ್ಲೋ ಕೂತಿರುತ್ತದೆ. ಅದರ ಮೊಟ್ಟೆಗಳಂತೂ ಡ್ರಮ್ಮಿನ ಒಳಗೋಡೆಗೆ, ನೀರಿನ ಮಟ್ಟಕ್ಕಿಂತ ತುಸು ಮೇಲೆ, ಕರಿ ಚುಕ್ಕಿಗಳಂತೆ ಅಂಟಿಕೊಂಡಿರುತ್ತವೆ. ನೀರು ಚೆಲ್ಲಿದರೂ ಒಣಗಿಕೊಂಡೇ ತಿಂಗಳುಗಟ್ಟಲೆ ಬದುಕಿರುತ್ತವೆ. ಮತ್ತೆ ನೀರು ಮುಟ್ಟಿದರೆ ಮರಿ. ಅಲ್ಲಿಂದ ವಾರ, ಹತ್ತು ದಿನದಲ್ಲಿ ಸೊಳ್ಳೆ.

ಸೊಳ್ಳೆಯನ್ನು ಹುಟ್ಟುವ ನೀರಿನಲ್ಲೇ ತಡೆಯಬೇಕೆಂಬ ಪಾಠದ ಮೊದಲ ಅಧ್ಯಾಯ ನಡೆದದ್ದು ನಮ್ಮ ಊರಿನಲ್ಲೇ. 1883ರಲ್ಲಿ ಬೆಂಗಳೂರು ದಂಡಿನ ವೈದ್ಯನಾಗಿದ್ದ ರೊನಾಲ್ಡ್ ರಾಸ್, ತನ್ನ ಬಂಗಲೆಯಲ್ಲೇ ಸೊಳ್ಳೆ ಹೆಚ್ಚೇಕೆಂದು ಹುಡುಕಿ, ಕಿಟಕಿಯಾಚೆಗಿನ ನೀರಿನ ತೊಟ್ಟಿಯಲ್ಲಿ ಮರಿಗಳನ್ನು ಕಂಡ. ತೊಟ್ಟಿ ಮಗುಚಿದ, ಸೊಳ್ಳೆ ಇಳಿಯಿತು. ಮೆಸ್ಸಿನ ತೊಟ್ಟಿ, ಹೂದಾನಿಗಳನ್ನೂ ಖಾಲಿ ಮಾಡಿಸೋಣ ಎಂದರೆ ಅಲ್ಲಿನ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಯನ್ನು ದೇವರು ಏನೋ ಉದ್ದೇಶವಿಟ್ಟೇ ಸೃಷ್ಟಿಸಿದ್ದಾನಂತೆ! ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟನ್ನು ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ. ನೊಬೆಲ್ ಬಂದದ್ದು 1902ರಲ್ಲಿ. ವೈದ್ಯನಿಗೆ ಗೊತ್ತಿದ್ದೂ ತೊಟ್ಟಿ ಇನ್ನೊಬ್ಬರ ಸುಪರ್ದಿಯಲ್ಲಿದ್ದ ತೊಡಕು ಮಾತ್ರ ಇಂದಿಗೂ ಹಾಗೇ ಇದೆ.

2024ರಲ್ಲಿ ಕರ್ನಾಟಕ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿತು. ನಗರದ ಮನೆಯಲ್ಲಿ ಸೊಳ್ಳೆ ಮರಿ ಸಿಕ್ಕರೆ 400 ರೂಪಾಯಿ ದಂಡ, ಕಟ್ಟಡ ಕಾಮಗಾರಿಯ ಜಾಗದಲ್ಲಿ 2,000. ಸರಿಯೇ. ಆದರೆ ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬೀದಿಯಲ್ಲಿ ಡ್ರಮ್ ಖಾಲಿ ಇಡುವವರು ಯಾರು? ಅಲ್ಲಿ ಜಲಮಂಡಳಿಯ ವಾಲ್ವ್ ತಿರುಗಿಸುವವನೂ ಆರೋಗ್ಯ ಕಾರ್ಯಕರ್ತನೇ. ಮೈಸೂರು ರಸ್ತೆಯ ಗ್ಯಾರೇಜುಗಳ ಹಳೇ ಟೈರು, ಅರ್ಧಕ್ಕೆ ನಿಂತ ಕಟ್ಟಡದ ನೆಲಮಾಳಿಗೆ, ಬೀಗ ಹಾಕಿದ ಸೈಟಿನ ಸಂಪು, ಒಂದೊಂದಕ್ಕೂ ಒಬ್ಬೊಬ್ಬ ಯಜಮಾನ, ಒಂದೊಂದು ಇಲಾಖೆ. ಈಡಿಸ್ ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್ ದಾಟುವುದಿಲ್ಲ. ನಿಮ್ಮನ್ನು ಕಚ್ಚಿದ್ದು ನಿಮ್ಮದೇ ಬೀದಿಯದು. ಆಶಾ ಕಾರ್ಯಕರ್ತೆ ಬಾಗಿಲು ತಟ್ಟಿದರೆ ‘ನಮ್ಮನೇಲಿ ಏನೂ ಇಲ್ಲಮ್ಮ’ ಎಂದು ಹೊರಗಿನಿಂದಲೇ ಕಳಿಸುವವರಿಗೂ ಇದರಲ್ಲಿ ಪಾಲಿದೆ.

ವಾರಕ್ಕೊಮ್ಮೆ ಡ್ರಮ್ಮಿನ ಒಳಗೋಡೆಯನ್ನು ಬ್ರಷ್ಷಿನಿಂದ ಚೆನ್ನಾಗಿ ತಿಕ್ಕಿ ತೊಳೆಯಿರಿ, ತುಂಬಿದ ಮೇಲೆ ಬಟ್ಟೆ ಬಿಗಿದು ಕಟ್ಟಿ. ಫಾಗಿಂಗಿಗೆ ಅರ್ಜಿ ಕೊಡುವಾಗ, ನೀರು ಬಿಡುವ ದಿನ ಹೆಚ್ಚಿಸಿ ಎಂದು ಜಲಮಂಡಳಿಗೂ ಒಂದು ಅರ್ಜಿ ಬರೆಯಿರಿ.