ನಿಮಗಿದು ಗೊತ್ತೆ? ದಿನವಿಡೀ ಓಡಿಸಿದರೂ ತುಂಬದ ಬ್ಯಾಟರಿ!

ಬೆಳಗಿನಿಂದ ಸಂಜೆವರೆಗೆ ಗಾಡಿ ಓಡಿಸಿದರೂ ಅದರ ಎರಡನೇ ಬ್ಯಾಟರಿ ಪೂರ್ತಿ ಚಾರ್ಜ್ ಆಗದೇ ಉಳಿಯಬಹುದು. ಹಳೆಯ ಗಾಡಿಗಳಿಗಿಂತ ಹೊಸ ಗಾಡಿಗಳಲ್ಲೇ ಈ ಕಾಟ ಹೆಚ್ಚು!

ಆಸ್ಟ್ರೇಲಿಯಾದ ಮರಳುಗಾಡು ಸುತ್ತುವ ಅನೇಕರು ತಮ್ಮ ಫೋರ್ ವೀಲ್ ಡ್ರೈವ್ ವಾಹನದಲ್ಲಿ ಎರಡು ಬ್ಯಾಟರಿ ಇಟ್ಟುಕೊಳ್ಳುತ್ತಾರೆ. ಒಂದು ಎಂಜಿನ್ ಸ್ಟಾರ್ಟ್ ಮಾಡಲು. ಇನ್ನೊಂದು ರಾತ್ರಿ ಬಿಡಾರ ಹೂಡಿದಾಗ ಫ್ರಿಜ್, ದೀಪ ನಡೆಸಲು. ದಾರಿಯಲ್ಲಿ ಎರಡನ್ನೂ ಚಾರ್ಜ್ ಮಾಡುವುದು ಎಂಜಿನ್‌ನಿಂದ ತಿರುಗುವ ಆಲ್ಟರ್ನೇಟರ್.

ಸಾಮಾನ್ಯ ಲೆಡ್ ಆಸಿಡ್ ಬ್ಯಾಟರಿ ತುಂಬಲು ಸುಮಾರು 14.4 ವೋಲ್ಟ್ ಬೇಕು. ಆದರೆ ಇಂದಿನ 'ಸ್ಮಾರ್ಟ್' ಆಲ್ಟರ್ನೇಟರ್ ಇಂಧನ ಉಳಿಸಲು ನೋಡುತ್ತದೆ. ಮೊದಲ ಬ್ಯಾಟರಿ ತುಂಬುತ್ತಿದ್ದಂತೆ ವೋಲ್ಟೇಜನ್ನು 13ರ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಸಿಬಿಡುತ್ತದೆ. ಗಾಡಿಯ ಹಿಂಬದಿಯಲ್ಲಿಟ್ಟ ಎರಡನೇ ಬ್ಯಾಟರಿಗೆ ಹೋಗುವ ಉದ್ದನೆಯ ವೈರಿನಲ್ಲಿ ಇನ್ನಷ್ಟು ನಷ್ಟ. ವೈರು ತೆಳುವಾದಷ್ಟೂ ನಷ್ಟ ಜಾಸ್ತಿ.

ಇನ್ನೊಂದು ಸೋಜಿಗ: ಇಳಿಜಾರಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಥ ಕೆಲವು ಗಾಡಿಗಳಲ್ಲಿ ವೋಲ್ಟೇಜ್ 15ರವರೆಗೆ ಜಿಗಿಯುತ್ತದೆ. ಗಾಡಿಯ ಓಟದಿಂದ ಪುಕ್ಕಟೆ ಸಿಗುವ ಶಕ್ತಿಯನ್ನು ಆಗ ಬ್ಯಾಟರಿಗೆ ತುಂಬಿಸಲಾಗುತ್ತದೆ.

ವೋಲ್ಟೇಜಿನ ಈ ಏರಿಳಿತಕ್ಕೆ ಉಪಾಯ ಡಿಸಿ-ಡಿಸಿ ಚಾರ್ಜರ್. ವೋಲ್ಟೇಜ್ ಕಡಿಮೆಯಿದ್ದರೆ ಏರಿಸಿ, ಹೆಚ್ಚಿದ್ದರೆ ಇಳಿಸಿ, ಬೇಕಾದಷ್ಟನ್ನೇ ಕೊಡುತ್ತದೆ. ಇದನ್ನು ಎರಡನೇ ಬ್ಯಾಟರಿಯ ಹತ್ತಿರದಲ್ಲೇ ಕೂರಿಸಬೇಕು. ಎಂಜಿನ್ ನಿಂತ ಮೇಲೆ ಈ ಚಾರ್ಜರ್ ಎರಡೂ ಬ್ಯಾಟರಿಗಳನ್ನು ಬೇರೆಬೇರೆಯಾಗಿ ಇಡುತ್ತದೆ. ರಾತ್ರಿಯಿಡೀ ಫ್ರಿಜ್ ಓಡಿ ಒಂದು ಖಾಲಿಯಾದರೂ ಗಾಡಿ ಸ್ಟಾರ್ಟ್ ಮಾಡಲು ಇನ್ನೊಂದು ಸಿದ್ಧ!